ಅರಣ್ಯವಾಸಿಯ ಉಪ್ಪು

ನಮ್ಮೂರಿನ ದೇವಸ್ಥಾನದ ಮುಖಮಂಟಪದಲ್ಲಿ ಮಳೆಗಾಲದ ರಾತ್ರಿಗಳಂದು ಭಾರತವಾಚನ ನಡೆಯುವ ಪದ್ಧತಿ ಇನ್ನೂ ಉಳಿದಿದ್ದ ಕಾಲದಲ್ಲಿ, ಪಾಂಡವರು ರಾಜ್ಯಕೋಶಗಳನ್ನೆಲ್ಲ ಜೂಜಿನಲ್ಲಿ ನೀಗಿಕೊಂಡು ಕಾಮ್ಯಕವನವನ್ನು ಹೊಕ್ಕ ಸಂದರ್ಭವನ್ನು ಗಮಕಿಗಳು ಹಾಡಿ ಮುಗಿಸಿ, ವ್ಯಾಖ್ಯಾನಕ್ಕೆ ಕುಳಿತಿದ್ದ ಶಾಸ್ತ್ರಿಗಳು ಸೂರ್ಯದೇವನು ಧರ್ಮರಾಯನಿಗೆ ಅಕ್ಷಯಪಾತ್ರೆಯನ್ನು ಅನುಗ್ರಹಿಸಿದ ಕಥೆಯನ್ನು ವಿಸ್ತರಿಸುತ್ತಿದ್ದಾಗ, ಕಂಬಕ್ಕೊರಗಿ ಕುಳಿತು ಹೂಬತ್ತಿ ಹೊಸೆಯುತ್ತಿದ್ದ ಒಬ್ಬ ವೃದ್ಧೆ ತಲೆಯೆತ್ತಿ, "ಅನ್ನಕ್ಕೇನೋ ಪಾತ್ರೆ ಸಿಕ್ಕಿತು, ಶಾಸ್ತ್ರಿಗಳೇ, ಕಾಡಿನಲ್ಲಿ ಉಪ್ಪಿಗೆ ಏನು ಮಾಡಿದರು?" ಎಂದು ಕೇಳಿದರು. ಸಭೆಯೆಲ್ಲ ನಕ್ಕಿತು. ಶಾಸ್ತ್ರಿಗಳೂ ನಕ್ಕು, ಕನ್ನಡಕವನ್ನು ಸರಿಪಡಿಸಿಕೊಂಡು, ಮುಂದಿನ ಪದ್ಯಕ್ಕೆ ಗಮಕಿಗಳತ್ತ ಸನ್ನೆ ಮಾಡಿದರು. ಆ ನಗೆಯಲ್ಲಿ ಪಾಲ್ಗೊಂಡ ಹುಡುಗರಲ್ಲಿ ನಾನೂ ಒಬ್ಬ. ಅದು ನಗತಕ್ಕ ಪ್ರಶ್ನೆಯಲ್ಲವೆಂದು, ಲೋಕವನ್ನು ತೊರೆದು ಅಡವಿ ಸೇರಿದವರ ಚರಿತ್ರೆಗಳನ್ನು ಒಂದೊಂದಾಗಿ ಓದುತ್ತ ಬಂದ ಮೇಲೆ, ಬಹು ತಡವಾಗಿ ನನಗೆ ತೋರಿತು.

"ಎಲ್ಲವನ್ನೂ ಬಿಟ್ಟು ಎಲ್ಲಿಯಾದರೂ ಕಾಡಿಗೆ ಹೋಗಿಬಿಡಬೇಕು" ಎಂಬ ಮಾತನ್ನು ಆಯುಷ್ಯದಲ್ಲಿ ಒಮ್ಮೆಯೂ ಆಡದ ಗೃಹಸ್ಥನು ವಿರಳ. ಕಛೇರಿಯ ಕಿರುಕುಳ, ದಾಯಾದಿ ವ್ಯಾಜ್ಯ, ಮಗಳ ಮದುವೆಯ ಸಾಲ ಮುಂತಾದ ಯಾವುದಾದರೊಂದು ನೆಪದಿಂದ ಹೊರಟ ಆ ಮಾತು ರಾತ್ರಿಯ ಊಟದ ವೇಳೆಗೆ ತಣ್ಣಗಾಗುವುದೇ ವಾಡಿಕೆಯಾದರೂ, ಆ ಕ್ಷಣದಲ್ಲಿ ಮನಸ್ಸಿನೆದುರು ಮೂಡುವ ಚಿತ್ರವು ನಮ್ಮ ಪುರಾಣಕಾವ್ಯಗಳಿಂದ ಬಂದದ್ದು: ಒಂದು ಪರ್ಣಕುಟಿ, ಪಕ್ಕದಲ್ಲಿ ತಿಳಿನೀರಿನ ತೊರೆ, ಅಂಗಳದಲ್ಲಿ ಜಿಂಕೆಯ ಮರಿ, ಕೈಯೆತ್ತಿದರೆ ಸಿಗುವ ಹಣ್ಣು. ಈ ಚಿತ್ರವು ಸಂಪೂರ್ಣವಾಗಿ ಸುಳ್ಳೆಂದು ಹೇಳಲಾಗದು. ನೀರು, ಸೌದೆ, ಸೂರಿಗೆ ಹುಲ್ಲು, ಹಗ್ಗಕ್ಕೆ ನಾರು, ಋತುವಿಗೆ ತಕ್ಕಂತೆ ಜೇನು, ಗೆಡ್ಡೆ, ಸೊಪ್ಪು, ಕಾಯಿ, ಇವೆಲ್ಲವನ್ನೂ ಅರಣ್ಯವು ಬಲ್ಲವನಿಗೆ ಕೊಡುತ್ತದೆ. ಉಪ್ಪನ್ನು ಮಾತ್ರ ಕೊಡುವುದಿಲ್ಲ. ಉಪ್ಪು ಕಡಲಿನದು, ಗೋಕರ್ಣದ ಬಳಿಯ ಸಾಣಿಕಟ್ಟೆಯಂಥ ಆಗರಗಳಲ್ಲಿ ಬಿಸಿಲಿಗೆ ಹರಳುಗಟ್ಟಿ, ಹೇರೆತ್ತಿನ ಬೆನ್ನೇರಿ ಘಟ್ಟ ಹತ್ತಿ, ಸಂತೆಯಿಂದ ಸಂತೆಗೆ ಕೈ ಬದಲಾಯಿಸುತ್ತ ಬಂದ ಮೇಲೆಯೇ ಅದು ಒಳನಾಡಿನ ಒಲೆಯನ್ನು ಮುಟ್ಟುತ್ತಿತ್ತು. ಒಂದು ಚಿಟಿಕೆ ಉಪ್ಪಿನಲ್ಲಿ ಆಗರದವನು, ಎತ್ತಿನವನು, ಸುಂಕದವನು, ಅಂಗಡಿಯವನು ಇಷ್ಟು ಜನರೂ ಕುಳಿತಿರುತ್ತಾರೆ. ಆದ್ದರಿಂದ ಸಮಾಜವನ್ನು ತ್ಯಜಿಸಿ ಹೋದವನು ನಿಜವಾಗಿ ಎಷ್ಟು ದೂರ ಹೋದನೆಂಬುದನ್ನು ಅಳೆಯುವುದಕ್ಕೆ ಅವನ ಗುಡಿಸಲಿಗೂ ಊರಿಗೂ ನಡುವಣ ಹರದಾರಿಗಳನ್ನು ಎಣಿಸುವುದಕ್ಕಿಂತ, ಅವನ ಉಪ್ಪು ಎಲ್ಲಿಂದ ಬಂತೆಂದು ವಿಚಾರಿಸುವುದು ಹೆಚ್ಚು ನಂಬತಕ್ಕ ಉಪಾಯ.

ನಮ್ಮ ಧರ್ಮಶಾಸ್ತ್ರಕಾರರು ಈ ವಿಚಾರವನ್ನು ಮರೆತವರಲ್ಲ. ಮೈಯಲ್ಲಿ ಸುಕ್ಕು, ತಲೆಯಲ್ಲಿ ನರೆ, ತೊಡೆಯ ಮೇಲೆ ಮೊಮ್ಮಗ ಇಷ್ಟನ್ನು ಕಂಡ ಗೃಹಸ್ಥನು ಪತ್ನಿಯನ್ನು ಮಕ್ಕಳ ವಶಕ್ಕೊಪ್ಪಿಸಿಯಾಗಲಿ, ಅವಳೊಡಗೂಡಿಯಾಗಲಿ ಅರಣ್ಯಕ್ಕೆ ತೆರಳಬೇಕೆಂದು ವಿಧಿಸುವ ಮನುಸ್ಮೃತಿಯ ಆರನೆಯ ಅಧ್ಯಾಯವು, ಉತ್ತ ನೆಲದಲ್ಲಿ ಬೆಳೆದುದನ್ನು ಆತನು ಮುಟ್ಟಬಾರದೆಂದೂ, ತಾನಾಗಿ ಬೆಳೆವ ಮುನಿಧಾನ್ಯದಿಂದಲೇ ಹೋಮವನ್ನು ನಡೆಸಿ ಶೇಷವನ್ನು ಉಣ್ಣಬೇಕೆಂದೂ ಹೇಳುತ್ತದೆ. ಅಲ್ಲಿಯೇ ಉಪ್ಪಿನ ಪ್ರಸ್ತಾಪವೂ ಬರುತ್ತದೆ: ಉಪ್ಪನ್ನು ಉಪಯೋಗಿಸಬಹುದು, ಆದರೆ ಅದನ್ನು ಆತನು ತಾನೇ ತಯಾರಿಸಿಕೊಂಡಿರಬೇಕು. ಸವಳು ಮಣ್ಣನ್ನು ಕಲಕಿ, ಸೋಸಿ, ಕುದಿಸಿ ಬತ್ತಿಸಿ ಉಪ್ಪು ತೆಗೆಯುವ ಶ್ರಮವನ್ನು ಬಲ್ಲವರಿಗೆ ಈ ಒಂದು ಷರತ್ತಿನ ಭಾರ ಎಷ್ಟೆಂದು ಗೊತ್ತಾದೀತು. ವಾನಪ್ರಸ್ಥನು ಅಂಗಡಿಯ ಉಪ್ಪನ್ನು ಕೊಂಡುಕೊಂಡರೆ ಅಂಗಡಿಯೊಡನೆ ಊರೂ ಊರಿನೊಡನೆ ಋಣವೂ ಹಿಂಬಾಲಿಸುತ್ತವೆಂಬ ಎಚ್ಚರ ಸ್ಮೃತಿಕಾರನಿಗೆ ಇದ್ದಂತೆ ತೋರುತ್ತದೆ. ಆದರೆ ಅದೇ ಸ್ಮೃತಿಕಾರನು ಮನುಷ್ಯರ ಹಸಿವೆಯನ್ನೂ ಬಲ್ಲವನಾಗಿದ್ದರಿಂದ, ಕೆಲವೇ ಶ್ಲೋಕಗಳಾಚೆ, ಕಾಡಿನಲ್ಲಿ ನೆಲಸಿರುವವನು ಬೇಕಾದರೆ ಗ್ರಾಮದಿಂದ ಎಂಟು ತುತ್ತುಗಳಷ್ಟು ಆಹಾರವನ್ನು ದೊನ್ನೆಯಲ್ಲೋ ಬೊಗಸೆಯಲ್ಲೋ ಒಡೆದ ಬೋಕಿಯಲ್ಲೋ ತಂದು ಉಣ್ಣಬಹುದೆಂದು ಸಡಿಲಗೊಳಿಸುತ್ತಾನೆ. ಅಲ್ಲಿಂದಾಚೆಗಿನ ಸಂನ್ಯಾಸಿಯಂತೂ ಅಡುಗೆಯ ಹೊಗೆ ಆರಿ, ಒನಕೆಯ ಸದ್ದು ನಿಂತು, ಮನೆಯವರೆಲ್ಲ ಉಂಡಾದ ಮೇಲೆ ದಿನಕ್ಕೊಮ್ಮೆ ಭಿಕ್ಷೆಗೆ ಊರೊಳಕ್ಕೆ ಬರಲೇಬೇಕಾದವನು. ಆಶ್ರಮಗಳು ನಾಲ್ಕಾದರೂ ಒಲೆ ಒಂದೇ.

ಈ ಮಾತಿಗೆ ಕನ್ನಡ ನೆಲದಲ್ಲಿಯೇ ಒಂದು ಪ್ರಾಚೀನ ಸಾಕ್ಷ್ಯವುಂಟು. ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ, ಕ್ರಿ.ಶ. ಸುಮಾರು 600ರದೆಂದು ವಿದ್ವಾಂಸರು ನಿರ್ಣಯಿಸಿರುವ ಬಂಡೆಯ ಶಾಸನದಲ್ಲಿ, ಭದ್ರಬಾಹುಸ್ವಾಮಿಯು ಉಜ್ಜಯಿನಿಯಲ್ಲಿ ಹನ್ನೆರಡು ವರ್ಷಗಳ ಕ್ಷಾಮವನ್ನು ನಿಮಿತ್ತಜ್ಞಾನದಿಂದ ಮುಂಗಂಡದ್ದೂ, ಮುನಿಸಂಘವು ಉತ್ತರಾಪಥದಿಂದ ದಕ್ಷಿಣಾಪಥಕ್ಕೆ ಹೊರಟು ಬಂದದ್ದೂ ಹೇಳಲ್ಪಟ್ಟಿವೆ. ಚಂದ್ರಗುಪ್ತ ಮೌರ್ಯನು ಆ ಸಂಘದೊಡನೆ ಬಂದು, ಕಳ್ವಪ್ಪು ಎಂದು ಹೆಸರಾಗಿದ್ದ ಆ ಬೆಟ್ಟದಲ್ಲಿ ಗುರುವಿನ ಸೇವೆ ಮಾಡಿ ಅಲ್ಲಿಯೇ ದೇಹ ಬಿಟ್ಟನೆಂಬುದು ಜೈನ ಸಂಪ್ರದಾಯ. ಇದರ ಐತಿಹಾಸಿಕತೆಯ ವಾದವಿವಾದವನ್ನು ಇತಿಹಾಸಜ್ಞರಿಗೆ ಬಿಡೋಣ. ಇಲ್ಲಿಯ ಸ್ವಾರಸ್ಯವೇ ಬೇರೆ. ಎಲ್ಲವನ್ನೂ ತೊರೆದ ದಿಗಂಬರ ಮುನಿಗಳು ಕ್ಷಾಮಕ್ಕೆ ಅಂಜಬೇಕಾದದ್ದೇಕೆ? ಏಕೆಂದರೆ ದಿಗಂಬರ ಮುನಿಯು ಬೆಂಕಿ ಹೊತ್ತಿಸುವಂತಿಲ್ಲ, ಅಡುಗೆ ಮಾಡಿಕೊಳ್ಳುವಂತಿಲ್ಲ. ಶ್ರಾವಕರು ತಮ್ಮ ಮನೆಯಲ್ಲಿ ಕೊಟ್ಟದ್ದನ್ನು ದಿನಕ್ಕೊಂದು ಸಲ ನಿಂತುಕೊಂಡು ಅಂಗೈಯಲ್ಲಿ ಸ್ವೀಕರಿಸತಕ್ಕವನು. ಗೃಹಸ್ಥನ ಕಣಜ ಬರಿದಾದರೆ ನಿರ್ಗ್ರಂಥನ ಅಂಗೈಯೂ ಬರಿದು. ಹಾಲು, ಮೊಸರು, ತುಪ್ಪ, ಎಣ್ಣೆ, ಬೆಲ್ಲ, ಉಪ್ಪು ಎಂಬ ಆರನ್ನು ರಸಗಳೆಂದು ಎಣಿಸಿ, ಅವುಗಳಲ್ಲಿ ಒಂದನ್ನೋ ಎಲ್ಲವನ್ನೋ ಬಿಡುವುದನ್ನು ರಸಪರಿತ್ಯಾಗವೆಂಬ ತಪಸ್ಸಾಗಿ ಆ ಮತವು ಪರಿಗಣಿಸಿರುವುದನ್ನು ನೋಡಿದರೆ, ಅರಮನೆಯನ್ನು ಬಿಟ್ಟುಬಂದವನಿಗೂ ಉಪ್ಪನ್ನು ಬಿಡುವುದು ಬೇರೆಯದೇ ಒಂದು ಸಾಧನೆಯೆಂಬುದು ಅವರಿಗೆ ತಿಳಿದಿತ್ತೆಂದು ಹೇಳಬಹುದು. ಚಂದ್ರಗುಪ್ತನ ಕಾಂತಾರಚರ್ಯೆಯ ಕಥೆಯಂತೂ ಇನ್ನೂ ಮನೋಹರವಾದದ್ದು. ಜನವಿಲ್ಲದ ಆ ಕಾಡಿನಲ್ಲಿಯೇ ಭಿಕ್ಷೆಗೆ ಹೋಗೆಂದು ಗುರುವು ಅಪ್ಪಣೆ ಕೊಡಲು, ಕೊಡುವವರು ಕಾಣದೆ ಅನ್ನ ಮಾತ್ರ ಎದುರಾದಾಗ ಅದು ವಿಧಿಗೆ ಸಲ್ಲದೆಂದು ಆತನು ಬರಿಗೈಯಲ್ಲಿ ಹಿಂತಿರುಗಿದನಂತೆ; ಕಡೆಗೆ ವನದೇವತೆಯು ಅವನಿಗಾಗಿ ಆ ಅರಣ್ಯಮಧ್ಯದಲ್ಲಿ ಒಂದು ಪಟ್ಟಣವನ್ನೇ ನಿರ್ಮಿಸಬೇಕಾಯಿತಂತೆ. ಮುನಿಯೊಬ್ಬನು ಕಾಡಿನಲ್ಲಿ ಧರ್ಮವಾಗಿ ಉಣ್ಣಬೇಕಾದರೆ ಅಲ್ಲಿ ಒಂದು ಊರು ಇರಲೇಬೇಕೆಂದು ಕಥೆಗಾರನಿಗೂ ತೋರಿತು!

ಕಲ್ಯಾಣವನ್ನು ಬಿಟ್ಟು ಶ್ರೀಶೈಲದ ಕದಳಿಯತ್ತ ನಡೆದ ಅಕ್ಕಮಹಾದೇವಿಯೂ ಹಸಿವೆಯ ಮಾತು ಬಂದಾಗ ಊರಿನ ಭಿಕ್ಷೆಯನ್ನೇ ನೆನೆದಳೆಂಬುದನ್ನು ಕನ್ನಡಿಗರಿಗೆ ಜ್ಞಾಪಿಸಬೇಕಾಗಿಲ್ಲ. ನಮ್ಮ ಕಾಲಕ್ಕೆ ಹತ್ತಿರದವರಾದ ರಮಣಮಹರ್ಷಿಗಳು, 1896ರಲ್ಲಿ ಹದಿನಾರರ ಬಾಲಕನಾಗಿ ಮನೆ ಬಿಟ್ಟು ತಿರುವಣ್ಣಾಮಲೈಗೆ ಬಂದು, ಅನಂತರ ಅರುಣಾಚಲದ ವಿರೂಪಾಕ್ಷ ಗುಹೆಯಲ್ಲಿ 1916ರವರೆಗೂ ಇದ್ದರಷ್ಟೆ. ಆ ಕಾಲದ ಊಟದ ಪ್ರಸಂಗವನ್ನು ಅವರೇ ಮುಂದೆ ಭಕ್ತರೆದುರು ನೆನೆಸಿಕೊಂಡದ್ದುಂಟು. ಭಿಕ್ಷೆಯಲ್ಲಿ ಬಂದದ್ದನ್ನೆಲ್ಲ ಒಟ್ಟಿಗೆ ಕಲಸಿ ಗಂಜಿಯಂತೆ ಮಾಡಿ ಎಲ್ಲರೂ ಹಂಚಿಕೊಳ್ಳುತ್ತಿದ್ದರು, ಅದಕ್ಕೆ ಉಪ್ಪಿರುತ್ತಿರಲಿಲ್ಲ. ಉಪ್ಪನ್ನು ಏಕೆ ಕೇಳಲಿಲ್ಲವೆಂದರೆ, ಇಂದು ಉಪ್ಪು ಕೇಳಿದ ನಾಲಗೆ ನಾಳೆ ಬೇಳೆಯನ್ನು ಕೇಳೀತು, ನಾಳಿದ್ದು ಪಾಯಸವನ್ನು ಕೇಳೀತು ಎಂಬ ಭಾವನೆಯಿಂದ, ಸಪ್ಪೆಯಾಗಿಯೇ ನುಂಗಿದರಂತೆ. ಅನ್ನವು ತಾನಾಗಿ ಬರುವ ದಾನ, ಉಪ್ಪು ಬಾಯಿಬಿಟ್ಟು ಕೇಳಬೇಕಾದ ಬಯಕೆ; ಇವೆರಡರ ನಡುವೆ ಮಹರ್ಷಿಗಳು ಎಳೆದ ಗೆರೆ ಮನುವಿನ ಷರತ್ತಿಗಿಂತ ಸೂಕ್ಷ್ಮವಾದದ್ದೆಂದು ನನ್ನ ಅಭಿಪ್ರಾಯ.

ಕ್ರೈಸ್ತರಲ್ಲಿ ಏಕಾಂತವಾಸದ ಮೂಲಪುರುಷನೆಂದು ಹೆಸರಾದ ಈಜಿಪ್ಟಿನ ಸಂತ ಆಂಟೊನಿಯ ಸಂಗತಿಯೂ ಬೇರೆಯಲ್ಲ. ಮೂರನೆಯ ಶತಮಾನದ ಮಧ್ಯದಲ್ಲಿ ಸಂಪನ್ನ ಕುಟುಂಬದಲ್ಲಿ ಹುಟ್ಟಿ, ಆಸ್ತಿಯನ್ನೆಲ್ಲ ಹಂಚಿಬಿಟ್ಟು, ನೈಲ್ ನದಿಯ ಆಚೆ ದಡದ ಮರುಭೂಮಿಯಲ್ಲಿ ಒಂದು ಪಾಳು ಕೋಟೆಯೊಳಗೆ ಬಾಗಿಲಿಕ್ಕಿಕೊಂಡು ಸುಮಾರು ಇಪ್ಪತ್ತು ವರ್ಷ ಕುಳಿತ ಈ ಮಹಾನುಭಾವನಿಗೆ, ವರ್ಷಕ್ಕೆರಡಾವರ್ತಿ, ಆರಾರು ತಿಂಗಳಿಗಾಗುವಷ್ಟು ಒಣ ರೊಟ್ಟಿಯನ್ನು ಸ್ನೇಹಿತರು ಮೇಲಿನಿಂದ ಇಳಿಬಿಡುತ್ತಿದ್ದರೆಂದು ಅವನ ಚರಿತ್ರೆಯನ್ನು ಬರೆದ ಅಥನಾಸಿಯಸ್ ಹೇಳುತ್ತಾನೆ. ಜನರ ಕಾಟ ಹೆಚ್ಚಾಗಿ, ಇನ್ನೂ ದೂರದ ಬೆಟ್ಟವೊಂದಕ್ಕೆ ಮರುಭೂಮಿಯ ವರ್ತಕರ ಜೊತೆ ಹೋಗಿ ನೆಲಸಿದ ಮೇಲೂ ರೊಟ್ಟಿ ಅವನನ್ನು ಹುಡುಕಿಕೊಂಡು ಬರುತ್ತಲೇ ಇತ್ತು. ತನ್ನೊಬ್ಬನಿಗಾಗಿ ಅಷ್ಟು ದೂರ ಹೊರೆ ಹೊರುವವರ ಕಷ್ಟಕ್ಕೆ ಮನನೊಂದು, ಅವನು ಒಂದು ಗುದ್ದಲಿ, ಒಂದು ಕೊಡಲಿ, ಒಂದಿಷ್ಟು ಬಿತ್ತನೆಯ ಕಾಳು ಇವನ್ನು ತರಿಸಿಕೊಂಡು, ನೀರಿನಾಸರೆ ಇದ್ದ ಕಡೆ ತುಂಡು ನೆಲವನ್ನು ಉತ್ತು ಬಿತ್ತಿ ತನ್ನ ರೊಟ್ಟಿಯನ್ನು ತಾನೇ ಬೆಳೆದುಕೊಂಡನು. ಅಲ್ಲಿಗೆ ಋಣ ತೀರಿತೆನ್ನುವಷ್ಟರಲ್ಲಿ, ದೂರದಿಂದ ಬರುವ ಅತಿಥಿಗಳ ಆಯಾಸ ಪರಿಹಾರಕ್ಕೆಂದು ಕಾಯಿಪಲ್ಯದ ಮಡಿಯನ್ನೂ ಮಾಡಬೇಕಾಯಿತು! ಏಕಾಂತವನ್ನು ಅರಸಿ ಹೋದವನ ಹಿತ್ತಿಲಿನಲ್ಲಿ ಅತಿಥಿಗಳಿಗಾಗಿ ಸೊಪ್ಪು ಬೆಳೆಯಿತು. ಅವನ ಹಿಂದೆ ಹೊರಟ ನೂರಾರು ಜನ ಮರುಭೂಮಿಯ ತಪಸ್ವಿಗಳು ಖರ್ಜೂರದ ಗರಿಯಿಂದ ಬುಟ್ಟಿ, ಹಗ್ಗ, ಚಾಪೆಗಳನ್ನು ಹೆಣೆದು ಪೇಟೆಗೆ ಕಳುಹಿಸಿ ರೊಟ್ಟಿ ತರಿಸಿಕೊಳ್ಳುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಕೆಲವರು ಕೂಲಿಗೂ ಹೋಗುತ್ತಿದ್ದರು.

ಅಮೆರಿಕದ ಥೋರೋ ಮಹಾಶಯನನ್ನು ಇಲ್ಲಿ ಸಂಕ್ಷೇಪವಾಗಿ ಕಂಡುಹೋಗೋಣ, ಏಕೆಂದರೆ ಆತನು ಸಂತನಲ್ಲ, ಲೆಕ್ಕವನ್ನು ಪ್ರಾಮಾಣಿಕವಾಗಿ ಬರೆದಿಟ್ಟ ಗೃಹಸ್ಥಗುಣದ ಬ್ರಹ್ಮಚಾರಿ. 1845ರ ಜುಲೈ 4ರಂದು ವಾಲ್ಡನ್ ಸರೋವರದ ದಡದಲ್ಲಿ, ಮಿತ್ರನಾದ ಎಮರ್ಸನ್‌ನ ಜಮೀನಿನಲ್ಲಿ ತಾನೇ ಕಟ್ಟಿಕೊಂಡ ಮನೆಗೆ ಹೋಗಿ ಎರಡು ವರ್ಷ ಎರಡು ತಿಂಗಳು ಇದ್ದನು. ಮನೆಗೆ ಬಿದ್ದ ವೆಚ್ಚ 28 ಡಾಲರು ಹನ್ನೆರಡೂವರೆ ಸೆಂಟು; ಎಂಟು ತಿಂಗಳ ಆಹಾರದ ವೆಚ್ಚ 8 ಡಾಲರು 74 ಸೆಂಟು. ಉಪ್ಪನ್ನು ಬಿಟ್ಟೇ ಬಿಟ್ಟರೂ ಆದೀತು, ಕುಡಿಯುವ ನೀರು ಸ್ವಲ್ಪ ಉಳಿದೀತು ಎಂದು ಒಂದು ಕಡೆ ಧೀರವಾಗಿ ಬರೆದಿರುವ ಈತನ ಪಟ್ಟಿಯನ್ನು ಕೆಳಗಿನವರೆಗೂ ಓದಿದರೆ, ಒಂದು ಕುಂಬಳಕಾಯಿ, ಒಂದು ಕಲ್ಲಂಗಡಿಗಳ ಪಕ್ಕದಲ್ಲಿ ಉಪ್ಪು ಮೂರು ಸೆಂಟು ಎಂದು ಕಾಣುತ್ತದೆ. ಒಂದೆರಡು ದಿನಕ್ಕೊಮ್ಮೆ ಊರಿಗೆ ನಡೆದು ಹೋಗಿ ಹರಟೆ ಕೇಳಿ ಬರುತ್ತಿದ್ದವನಿಗೆ ಉಪ್ಪು ತರುವುದು ಕಷ್ಟವಾಗಿರಲಾರದು.

ಉಪ್ಪಿಲ್ಲದೆ ಮನುಷ್ಯನು ಬದುಕಲಾರನೇ ಎಂದು ಓದುಗರು ಕೇಳಬಹುದು. ಶರೀರಶಾಸ್ತ್ರದ ಉತ್ತರ ಇಷ್ಟು: ರಕ್ತದ ಪ್ರಮಾಣವನ್ನು ಕಾಪಾಡುವುದಕ್ಕೂ ನರಗಳ ವ್ಯಾಪಾರಕ್ಕೂ ಸೋಡಿಯಂ ಎಂಬ ಧಾತುವು ಅವಶ್ಯಕವೇ ಸರಿ, ಆದರೆ ಬೇಕಾದದ್ದು ಅತ್ಯಲ್ಪ. ದಿನಕ್ಕೆ ಐದು ಗ್ರಾಮಿಗಿಂತ ಕಡಮೆ ಉಪ್ಪು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ, ಜೀವಧಾರಣೆಗೆ ಅಷ್ಟೂ ಬೇಡ. ಒಳಗೆ ಬರುವುದು ಕಡಮೆಯಾದಂತೆ ಮೂತ್ರಪಿಂಡಗಳು ಅದನ್ನು ಹೊರಕ್ಕೆ ಬಿಡದೆ ಹಿಡಿದಿಟ್ಟುಕೊಳ್ಳುತ್ತವೆ. ಮಾಂಸವನ್ನೂ ಹಾಲನ್ನೂ ಬಳಸುವವರಿಗೆ ಅವುಗಳಿಂದಲೇ ಒಂದಷ್ಟು ದೊರೆಯುತ್ತದೆ. ಸೊಪ್ಪುಗೆಡ್ಡೆಗಳನ್ನೇ ನಂಬಿದವರಿಗೆ ದೊರೆಯುವುದು ಬಹು ಸ್ವಲ್ಪ. ಆನೆ, ಕಾಟಿ, ಕಡವೆಗಳು ಉಪ್ಪುಮಣ್ಣನ್ನು ಅರಸಿ ಹೋಗಿ ನೆಕ್ಕುವುದು ಇದೇ ಕಾರಣಕ್ಕೆ. ಅಮೆಜಾನ್ ಅರಣ್ಯದ ಯಾನೊಮಾಮಿ ಜನರು ಉಪ್ಪನ್ನು ಬಳಸದೆಯೇ ತಲೆಮಾರುಗಳಿಂದ ಬಾಳಿದ್ದಾರೆ, ಮುಪ್ಪಿನಲ್ಲಿಯೂ ಅವರ ರಕ್ತದೊತ್ತಡ ಏರುವುದಿಲ್ಲವೆಂದು ವೈದ್ಯರು ಅಳೆದು ನೋಡಿದ್ದಾರೆ. ಅವರಿಗೆ ಉಪ್ಪಿನ ಹಂಬಲವಿಲ್ಲ. ಕಂಡರಿಯದುದಕ್ಕೆ ಹಂಬಲಿಸುವವರು ಯಾರು? ಕಂಡು, ಉಂಡು, ಆಮೇಲೆ ಕಳೆದುಕೊಂಡವರ ಪಾಡೇ ಬೇರೆ. ಅಂಥ ಒಂದು ಕುಟುಂಬದ ಕಥೆ ಸೈಬೀರಿಯದಲ್ಲಿ ನಡೆಯಿತು. ನಾನು ಬಲ್ಲ ಅರಣ್ಯವಾಸಿಗಳ ಚರಿತ್ರೆಗಳಲ್ಲೆಲ್ಲ ಇದಕ್ಕೆ ಸಮನಾದದ್ದಿಲ್ಲವಾದ್ದರಿಂದ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ.

ರಷ್ಯದ ಕ್ರೈಸ್ತ ಧರ್ಮಸಂಸ್ಥೆಯಲ್ಲಿ ಹದಿನೇಳನೆಯ ಶತಮಾನದ ಮಧ್ಯಭಾಗದಲ್ಲಿ ನಿಕೋನ್ ಎಂಬ ಧರ್ಮಾಧ್ಯಕ್ಷನು ಪೂಜಾವಿಧಿಗಳನ್ನು ತಿದ್ದಿದಾಗ, ಶಿಲುಬೆಯ ಗುರುತನ್ನು ಎರಡು ಬೆರಳಿನಿಂದ ಮಾಡುವ ಹಳೆಯ ಕ್ರಮವನ್ನು ಬಿಟ್ಟು ಮೂರು ಬೆರಳಿನಿಂದ ಮಾಡಲೊಪ್ಪದೆ ಹೊರಬಿದ್ದ ಜನ ಲಕ್ಷಾಂತರ. ಹಳೆಯ ನಂಬಿಕೆಯವರೆಂದು ಹೆಸರಾದ ಇವರು, ಗಡ್ಡಕ್ಕೆ ತೆರಿಗೆ ಹಾಕಿದ ದೊರೆ ಪೀಟರನ ಕಾಲದಿಂದಲೂ ಅಧಿಕಾರದ ಕಣ್ಣಿಗೆ ಬೀಳದಂತೆ ಪೂರ್ವಕ್ಕೆ, ಇನ್ನೂ ಪೂರ್ವಕ್ಕೆ ಸರಿಯುತ್ತ ಹೋದರು. ಕಾರ್ಪ್ ಲೈಕೋವ್ ಆ ಮತದವನು. 1936ರಲ್ಲಿ ಊರ ಹೊರಗಿನ ಹೊಲದಲ್ಲಿ ಕೆಲಸ ಮಾಡುತ್ತಿದ್ದಾಗ ಅವನ ಸೋದರನನ್ನು ಸರಕಾರದ ಪಹರೆಯವರು ಅವನ ಕಣ್ಣೆದುರಿಗೇ ಗುಂಡಿಕ್ಕಿ ಕೊಂದರು. ಕಾರ್ಪನು ಹೆಂಡತಿ ಅಕುಲಿನಾ, ಮಗ ಸಾವಿನ್, ಹಸುಗೂಸು ನತಾಲಿಯಾ ಇವರೊಡನೆ, ಸ್ವಲ್ಪ ಬೀಜ, ಪ್ರಾರ್ಥನೆಯ ಪುಸ್ತಕಗಳು, ನೂಲುವ ರಾಟೆ, ಮಗ್ಗ, ಒಂದೆರಡು ಪಾತ್ರೆಗಳನ್ನು ಹೊತ್ತು ಸಯಾನ್ ಪರ್ವತಗಳ ಕಾಡನ್ನು ಹೊಕ್ಕನು. ವರ್ಷದಿಂದ ವರ್ಷಕ್ಕೆ ಇನ್ನಷ್ಟು ಒಳಕ್ಕೆ ಸರಿದು, ಕೊನೆಗೆ ಅಬಕಾನ್ ನದಿಯ ಮೇಲ್ಭಾಗದಲ್ಲಿ, ಅತಿ ಸಮೀಪದ ಊರಿಗೂ ಸುಮಾರು 250 ಕಿಲೋಮೀಟರು ದೂರವಿದ್ದ ಇಳಿಜಾರಿನಲ್ಲಿ ನಿಂತನು. ದ್ಮಿತ್ರಿ, ಅಗಾಫ್ಯಾ ಎಂಬ ಇನ್ನಿಬ್ಬರು ಮಕ್ಕಳು ಕಾಡಿನಲ್ಲಿಯೇ ಹುಟ್ಟಿದರು. ಅವರು ತಮ್ಮ ಮನೆಯವರಲ್ಲದ ಮನುಷ್ಯರ ಮುಖವನ್ನು ಬಾಲ್ಯದಲ್ಲಿ ಕಂಡವರೇ ಅಲ್ಲ.

ಹೊತ್ತು ತಂದದ್ದು ಒಂದೊಂದಾಗಿ ಸವೆಯಿತು. ಬಟ್ಟೆ ಹರಿದಾಗ ಸೆಣಬಿನ ಗಿಡ ಬೆಳೆದು ನೂತು ನೇಯ್ದರು. ಪಾದರಕ್ಷೆ ಸವೆದಾಗ ಬರ್ಚ್ ಮರದ ತೊಗಟೆಯಿಂದ ಹೊಸದನ್ನು ಹೊಲಿದರು. ಪಾತ್ರೆಗಳು ತುಕ್ಕು ಹಿಡಿದು ತೂತಾದಾಗ ತೊಗಟೆಯ ಪಾತ್ರೆ ಮಾಡಿಕೊಂಡರು, ಆದರೆ ತೊಗಟೆಯನ್ನು ಒಲೆಯ ಮೇಲೆ ಇಡುವುದೆಂತು? ಅಡುಗೆಯೇ ದುಸ್ತರವಾಯಿತು. ಆಲೂಗಡ್ಡೆಯನ್ನು ಕುಟ್ಟಿ, ರೈ ಧಾನ್ಯದ ಹಿಟ್ಟನ್ನೂ ಸೆಣಬಿನ ಬೀಜವನ್ನೂ ಬೆರೆಸಿ ತಟ್ಟಿದ ಬಿಲ್ಲೆಗಳೇ ನಿತ್ಯದ ಊಟ; ಶರತ್ಕಾಲದಲ್ಲಿ ಮರದಿಂದುದುರುವ ದೇವದಾರುವಿನ ಜಾತಿಯ ಕಾಯಿಗಳು. ದ್ಮಿತ್ರಿ ಪ್ರಾಯಕ್ಕೆ ಬರುವವರೆಗೆ ಮಾಂಸವೆಂಬುದಿರಲಿಲ್ಲ. ಬಂದ ಮೇಲೂ ಕೋವಿಯಿಲ್ಲ, ಬಿಲ್ಲಿಲ್ಲ. ಗುಂಡಿ ತೋಡಿಯೋ, ಹಿಮದಲ್ಲಿ ಬರಿಗಾಲಿನಿಂದ ದಿನಗಟ್ಟಲೆ ಬೆನ್ನಟ್ಟಿ ಪ್ರಾಣಿಯನ್ನು ದಣಿಸಿಯೋ ಹಿಡಿಯುತ್ತಿದ್ದನು. ಮಕ್ಕಳಿಗೆ ತಾಯಿ ಅಕ್ಷರ ಕಲಿಸಿದ್ದು ಹರಿತವಾದ ಕಡ್ಡಿಯನ್ನು ಕಾಡಹಣ್ಣಿನ ರಸದಲ್ಲದ್ದಿ, ತೊಗಟೆಯ ಮೇಲೆ ಬರೆಸಿ. ಎರಡನೆಯ ಮಹಾಯುದ್ಧ ಆರಂಭವಾದದ್ದೂ ಮುಗಿದದ್ದೂ ಅವರಿಗೆ ತಿಳಿಯದು. ಆದರೆ ಐವತ್ತರ ದಶಕದ ಕೊನೆಯಿಂದ ಆಕಾಶದಲ್ಲಿ ಕೆಲವು ನಕ್ಷತ್ರಗಳು ಬೇಗಬೇಗನೆ ನಡೆಯತೊಡಗಿದ್ದನ್ನು ಕಾರ್ಪನು ಗಮನಿಸಿದ್ದನು. ಮನುಷ್ಯರೇ ಏನೋ ಬೆಂಕಿಗಳನ್ನು ಮೇಲಕ್ಕೆಸೆಯುತ್ತಿರಬೇಕೆಂದು ಊಹಿಸಿಯೂ ಇದ್ದನು. ಭೂಗೋಳದ ವಾರ್ತೆಯೊಂದೂ ಮುಟ್ಟದ ಆ ಬೆಟ್ಟಕ್ಕೆ ಉಪಗ್ರಹದ ವಾರ್ತೆ ಮಾತ್ರ ನೇರವಾಗಿ ತಲಪಿತ್ತು.

ಒಂದು ವರ್ಷ ಜೂನ್ ತಿಂಗಳಿನಲ್ಲಿ ಹಿಮ ಬಿದ್ದು ತೋಟವೆಲ್ಲ ಸುಟ್ಟುಹೋಯಿತು. ತೊಗಟೆಯನ್ನೂ ಪಾದರಕ್ಷೆಯ ತೊಗಲನ್ನೂ ಬೇಯಿಸಿ ತಿನ್ನುವ ದಿನ ಬಂತು. ಅಕುಲಿನಾ ತನ್ನ ಪಾಲನ್ನು ಮಕ್ಕಳಿಗಿಟ್ಟು, 1961ರಲ್ಲಿ ಹಸಿವೆಯಿಂದ ಸತ್ತಳು. ರೈ ಬೀಜ ಪೂರ್ತಿಯಾಗಿ ನಷ್ಟವಾಯಿತೆಂದುಕೊಂಡಿದ್ದಾಗ, ಬಟಾಣಿಯ ಪಾತಿಯ ನಡುವೆ ಒಂದೇ ಒಂದು ರೈ ಸಸಿ ತಲೆಯೆತ್ತಿತು. ಅದರ ಸುತ್ತ ಬೇಲಿ ಕಟ್ಟಿ, ಇಲಿ ಅಳಿಲುಗಳು ಮುಟ್ಟದಂತೆ ಹಗಲಿರುಳು ಕಾದರು. ಅದು ಕೊಟ್ಟ ಕಾಳು ಹದಿನೆಂಟು. ಆ ಹದಿನೆಂಟನ್ನು ಬಿತ್ತಿ, ಬಂದದ್ದನ್ನು ಮತ್ತೆ ಬಿತ್ತಿ, ತಮ್ಮ ರೈ ಬೆಳೆಯನ್ನು ಮೊದಲಿನಿಂದ ಕಟ್ಟಿಕೊಂಡರು. ಅಕ್ಷಯಪಾತ್ರೆಯ ಕಥೆಯನ್ನು ಕೇಳಿ ಬೆಳೆದ ನಮಗೆ ಈ ಹದಿನೆಂಟು ಕಾಳಿನ ಲೆಕ್ಕ ಕೇಳುವಾಗ ಸುಮ್ಮನೆ ಕೂತಿರುವುದು ಕಷ್ಟ.

1978ರ ಬೇಸಗೆಯಲ್ಲಿ ಕಬ್ಬಿಣದ ಅದಿರನ್ನು ಹುಡುಕುತ್ತಿದ್ದ ಭೂವಿಜ್ಞಾನಿಗಳ ಹೆಲಿಕಾಪ್ಟರು ಇಳಿಯಲು ಜಾಗ ನೋಡುತ್ತಿದ್ದಾಗ, ಮನುಷ್ಯರಿರಲು ಶಕ್ಯವೇ ಇಲ್ಲದ ಬೆಟ್ಟದ ಮೈಮೇಲೆ ನೇಗಿಲ ಗೆರೆಗಳಂಥ ಪಾತಿಗಳು ಕಣ್ಣಿಗೆ ಬಿದ್ದವು. ಕೆಲವು ದಿನಗಳ ಅನಂತರ ಕೈಗಾಣಿಕೆಗಳನ್ನು ಚೀಲಕ್ಕೆ ಹಾಕಿಕೊಂಡು ಬೆಟ್ಟ ಹತ್ತಿದ ತಂಡದವರನ್ನು, ಹೊಗೆಯಿಂದ ಕಪ್ಪಾದ ದಿಮ್ಮಿಯ ಗುಡಿಸಲಿನಿಂದ ತೇಪೆಯ ಮೇಲೆ ತೇಪೆ ಹಾಕಿದ ಅಂಗಿಯ ವೃದ್ಧನೊಬ್ಬನು ಬರಿಗಾಲಿನಲ್ಲಿ ಹೊರಬಂದು, ಇಷ್ಟು ದೂರ ಬಂದವರು ಒಳಗೆ ಬನ್ನಿರೆಂದು ಕರೆದನು. ಒಳಗಿದ್ದ ಹೆಣ್ಣುಮಕ್ಕಳು ಹೆದರಿ, ತಮ್ಮ ಪಾಪದ ಫಲ ಬಂತೆಂದು ಅಳತೊಡಗಿದರು. ರೊಟ್ಟಿ ಕೊಟ್ಟರೆ, ತಮಗೆ ಸಲ್ಲದೆಂದರು. ಆ ಹೆಣ್ಣುಮಕ್ಕಳು ರೊಟ್ಟಿಯನ್ನು ಅದುವರೆಗೆ ನೋಡಿಯೇ ಇರಲಿಲ್ಲ. ಜಾಮು, ಚಹಾ ಯಾವುದೂ ಬೇಡ. ಒಂದೊಂದನ್ನೂ ಕೈಯಾಡಿಸಿ ನಿರಾಕರಿಸಿದ ಕಾರ್ಪನು, ಮೊದಮೊದಲು ಒಂದೇ ಒಂದು ಕಾಣಿಕೆಯನ್ನು ಸ್ವೀಕರಿಸಿದನು: ಉಪ್ಪು. ನಾಲ್ಕು ದಶಕ ಅದಿಲ್ಲದೆ ಬದುಕಿದ್ದು ನಿಜವಾದ ಯಾತನೆಯಾಗಿತ್ತೆಂದು ಅವನು ಹೇಳಿದನಂತೆ.

ಇಲ್ಲಿ ನಾನು ಬಹಳ ಹೊತ್ತು ನಿಂತಿದ್ದೇನೆ. ಸೋದರನ ಕೊಲೆಯನ್ನು ಕಂಡವನು, ಹೆಂಡತಿಯನ್ನು ಹಸಿವೆಗೆ ಕೊಟ್ಟವನು, ಮೂವತ್ತು ನಲವತ್ತು ಡಿಗ್ರಿ ಶೀತದಲ್ಲಿ ಮಕ್ಕಳನ್ನು ಸಾಕಿದವನು, ಯಾತನೆಯೆಂಬ ಪದವನ್ನು ಉಪ್ಪಿಗಾಗಿ ಮೀಸಲಿಟ್ಟನಲ್ಲ! ವೈದ್ಯರ ಲೆಕ್ಕದ ಪ್ರಕಾರ ಅವನ ಶರೀರಕ್ಕೆ ಆ ಹರಳುಗಳು ಅಷ್ಟು ಅವಶ್ಯಕವಾಗಿರಲಿಲ್ಲ. ಇದ್ದಿದ್ದರೆ ಅವನು ಆ ಮಾತನ್ನು ಹೇಳಲು ಉಳಿಯುತ್ತಲೇ ಇರಲಿಲ್ಲ. ನಾಲಗೆಗೆ ಮಾತ್ರ ಹುಟ್ಟೂರಿನ ಮೇಜು, ತಾಯಿಯ ಕೈ, ಹಬ್ಬದ ಊಟ ಎಲ್ಲವೂ ಉಪ್ಪಿನೊಡನೆ ಜ್ಞಾಪಕವಿತ್ತು. ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದು ನಮ್ಮವರು ಈ ಎರಡನ್ನೂ ಒಂದೇ ಗಾದೆಯಲ್ಲಿ ಕಟ್ಟಿದ್ದು ಪ್ರಾಸಕ್ಕಾಗಿ ಇರಲಾರದು. ಕಾಡಿನಲ್ಲಿ ಹುಟ್ಟಿದ ದ್ಮಿತ್ರಿಗೂ ಅಗಾಫ್ಯಾಳಿಗೂ ಈ ಯಾತನೆ ಇರಲಿಲ್ಲವೆಂದೇ ನನ್ನ ತರ್ಕ.

ಉಪ್ಪಿನ ಹಿಂದೆಯೇ ಉಳಿದವೂ ಬಂದವು: ಚಾಕು, ಧಾನ್ಯ, ಕಾಗದ, ಲೇಖನಿ, ಕೈದೀಪ. 1981ರಲ್ಲಿ ಕೆಲವೇ ತಿಂಗಳುಗಳಲ್ಲಿ ಸಾವಿನ್, ನತಾಲಿಯಾ, ದ್ಮಿತ್ರಿ ಮೂವರೂ ತೀರಿಕೊಂಡರು. ಹೊರಗಿನವರ ಸಂಪರ್ಕವೇ ಕೊಂದಿತೆಂದು ಕೆಲವರೂ, ದೀರ್ಘಕಾಲದ ಕಠಿನ ಆಹಾರದಿಂದ ಕೆಟ್ಟ ಮೂತ್ರಪಿಂಡಗಳೆಂದು ಕೆಲವರೂ ಹೇಳಿದರು. ನ್ಯುಮೋನಿಯದಿಂದ ನರಳುತ್ತಿದ್ದ ದ್ಮಿತ್ರಿಯನ್ನು ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಒಯ್ಯುವೆವೆಂದು ಭೂವಿಜ್ಞಾನಿಗಳು ಬೇಡಿಕೊಂಡರೂ ಅವನು ಒಪ್ಪಲಿಲ್ಲ. ವಾಸಿಲಿ ಪೆಸ್ಕೋವ್ ಎಂಬ ಪತ್ರಕರ್ತನು ಈ ಮನೆಯವರ ವೃತ್ತಾಂತವನ್ನು ಬರೆದು ರಷ್ಯಕ್ಕೆಲ್ಲ ಪರಿಚಯಿಸಿದನು. 1988ರ ಫೆಬ್ರವರಿಯಲ್ಲಿ ಕಾರ್ಪನೂ ಹೋದನು. ಅಗಾಫ್ಯಾ ಒಬ್ಬಳೇ ಉಳಿದಳು; ಬಂಧುಗಳನ್ನು ಹುಡುಕಿ ಹೊರಲೋಕವನ್ನು ನೋಡಿ ಬಂದಳು, ಹಿಂದಕ್ಕೆ ಕಾಡಿಗೇ ಬಂದಳು. ಆಮೇಲಿನ ವರ್ಷಗಳಲ್ಲಿ ಆಕೆಯ ಏಕಾಂತಕ್ಕೆ ಬಂದೊದಗಿದ ಜನವನ್ನು ಎಣಿಸಿದರೆ ಆಂಟೊನಿಯ ಕಾಯಿಪಲ್ಯದ ಮಡಿ ನೆನಪಾಗುತ್ತದೆ. ಹಳೆಯ ಭೂವಿಜ್ಞಾನಿಯೊಬ್ಬನು ಹತ್ತಿರದಲ್ಲಿ ಗುಡಿಸಲು ಹಾಕಿ ಹದಿನೆಂಟು ವರ್ಷ ನೆರೆಯವನಾಗಿದ್ದನು. ಸ್ವಯಂಸೇವಕರು ಮೇಕೆಗಳಿಗೆ ಹುಲ್ಲು ಕೊಯ್ದುಕೊಟ್ಟರು. 2016ರಲ್ಲಿ ಕಾಲುನೋವಿಗೆ ಹೆಲಿಕಾಪ್ಟರಿನಲ್ಲಿ ಆಸ್ಪತ್ರೆಗೆ ಹೋಗಿಬಂದಳು. 2021ರಲ್ಲಿ ಉದ್ಯಮಿಯೊಬ್ಬನ ವೆಚ್ಚದಲ್ಲಿ ಹೊಸ ಮರದ ಮನೆಯೂ ಆಯಿತು. ತಂದೆ ನೋಡಿದ ನಡೆಯುವ ನಕ್ಷತ್ರಗಳ ಸಂಬಂಧವೂ ಬಿಡಲಿಲ್ಲ: ಬೈಕನೂರಿನಿಂದ ಹಾರುವ ರಾಕೆಟ್ಟುಗಳ ಕಳಚಿದ ಭಾಗಗಳು ಬೀಳುವ ಪ್ರದೇಶದಲ್ಲಿಯೇ ಆಕೆಯ ಮನೆಯಿದೆ.

ಕಾಡಿನವರೇ ಆದ ಜನ ಈ ವಿಷಯದಲ್ಲಿ ಎಂದೂ ಮೋಸಹೋದವರಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರ ವಸತಿ ಪೋಡು, ಕೊಡಗು ಹೆಗ್ಗಡದೇವನಕೋಟೆಗಳ ಜೇನುಕುರುಬರದು ಹಾಡಿ. ಎರಡೂ ಗುಂಪು ಮನೆಗಳ ಹೆಸರು. ಒಂಟಿಮನೆಗೆಂದು ಅವರಲ್ಲಿ ಬೇರೆ ಮಾತನ್ನು ನಾನು ಕೇಳಿಲ್ಲ. ಜೇನು, ಮೇಣ, ಸೀಗೆ, ಅಂಟುವಾಳಗಳನ್ನು ಬಯಲಿನವರಿಗೆ ಕೊಟ್ಟು ಉಪ್ಪನ್ನೂ ಬಟ್ಟೆಯನ್ನೂ ಪಡೆಯುವ ವ್ಯವಹಾರ ಅವರ ಹಿರಿಯರಿಂದ ಬಂದದ್ದು. ಅರಣ್ಯದಲ್ಲಿ ಒಂಟಿಯಾಗಿರಬೇಕೆಂಬ ಬಯಕೆ ಯಾವಾಗಲೂ ಊರಿನಲ್ಲಿ ಹುಟ್ಟಿದವರದು.

ಇನ್ನು ಈ ಲೇಖನವನ್ನು ಓದಿ, ಅಥವಾ ಓದಿಯೂ, ಹೊರಟೇ ತೀರುವೆನೆನ್ನುವ ಓದುಗರಿಗೆ ಎರಡು ಮಾತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅಭಯಾರಣ್ಯವನ್ನಾಗಲಿ ರಾಷ್ಟ್ರೀಯ ಉದ್ಯಾನವನ್ನಾಗಲಿ ಅನುಮತಿಯಿಲ್ಲದೆ ಹೊಕ್ಕು ನೆಲಸುವುದು ಅಪರಾಧ. ನಾರುಡೆಯೂ ಜಪಮಾಲೆಯೂ ಅರಣ್ಯ ಇಲಾಖೆಯ ಕಾವಲುಗಾರನಿಗೆ ಪರವಾನಗಿಯಾಗಿ ಕಾಣುವುದಿಲ್ಲ. ಆದ್ದರಿಂದ ಕಾಡಂಚಿನ ಒಂದು ಹಳ್ಳಿಯನ್ನು ನೋಡಿಕೊಂಡು, ಅಲ್ಲಿಯ ಜನರ ಸ್ನೇಹ ಸಂಪಾದಿಸಿ, ಹೊರಡುವ ದಿನ ಅಂಗಡಿಯವನ ಹಳೆಯ ಬಾಕಿಯನ್ನು ಮರೆಯದೆ ತೀರಿಸಿ, ಕಲ್ಲುಪ್ಪಿನ ಒಂದು ಮೂಟೆಯನ್ನು ಕೊಂಡುಕೊಂಡು ಹೋಗಿರಿ. ಅದು ಮುಗಿದಾಗ ನೀವು ಮತ್ತೆ ಬರುವಿರೆಂಬುದು ಅಂಗಡಿಯವನಿಗೆ ಗೊತ್ತಿರುತ್ತದೆ.